ತೂಕ ಎಲ್ಲರೆದುರು, ನೂಲು ಆಮೇಲೆ

ದೊಡ್ಡ ತೀರ್ಪುಗಳ ಕಥೆಗಳಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ದಾವೆ ಹೂಡಿದವನ ಹೆಸರು ಕಾನೂನು ಪುಸ್ತಕದಲ್ಲಿ ಶಾಶ್ವತವಾಗುತ್ತದೆ. ಆದರೆ ಅವನು ಕೇಳಿಕೊಂಡು ಹೋದದ್ದು ಅವನ ಕೈ ಸೇರಿರುವುದಿಲ್ಲ.

ಅಮೆರಿಕದ ವಿಲಿಯಂ ಮಾರ್ಬರಿಯನ್ನೇ ನೋಡಿ. 1801ರಲ್ಲಿ ಅಧಿಕಾರ ಬಿಟ್ಟು ಹೋಗುವ ಗಳಿಗೆಯಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಈತನಿಗೆ ಕೆಳಹಂತದ ನ್ಯಾಯಾಧೀಶನ ಹುದ್ದೆಯೊಂದನ್ನು ಕೊಟ್ಟಿದ್ದರು. ಆದೇಶಕ್ಕೆ ಸಹಿಯಾಗಿತ್ತು, ಮೊಹರು ಬಿದ್ದಿತ್ತು, ತಲುಪಿಸುವುದೊಂದು ಬಾಕಿ. ಹೊಸ ಸರ್ಕಾರ ಅದನ್ನು ತಡೆಹಿಡಿಯಿತು. ಮಾರ್ಬರಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ. 1803ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹೇಳಿದ್ದರ ಸಾರ ಇಷ್ಟು: ಹುದ್ದೆಯ ಮೇಲೆ ನಿನಗೆ ಹಕ್ಕಿದೆ, ಆದರೆ ಯಾವ ಕಾಯ್ದೆಯನ್ನು ನಂಬಿ ನೇರ ನಮ್ಮಲ್ಲಿಗೆ ಬಂದೆಯೋ ಅದೇ ಸಂವಿಧಾನಕ್ಕೆ ವಿರುದ್ಧ, ಆದ್ದರಿಂದ ಹುದ್ದೆ ಕೊಡಿಸುವ ಅಧಿಕಾರ ನಮಗಿಲ್ಲ. ಶಾಸನಸಭೆ ಮಾಡಿದ ಕಾಯ್ದೆಯನ್ನು ಸಂವಿಧಾನದ ಒರೆಗೆ ಹಚ್ಚುವ ಅಧಿಕಾರ ಆ ದಿನ ನ್ಯಾಯಾಲಯದ್ದಾಯಿತು. ಮಾರ್ಬರಿ ಬರಿಗೈಯಲ್ಲಿ ಮನೆಗೆ ಹೋದ. ನೂರೈವತ್ತು ವರ್ಷಗಳ ನಂತರ, ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆ ಎಂಬ ಕಟ್ಟಳೆಯನ್ನು ಬ್ರೌನ್ ಪ್ರಕರಣದ ತೀರ್ಪು ಮುರಿಯಿತು. 1954ರಲ್ಲಿ ಆ ತೀರ್ಪು ಬರುವಷ್ಟರಲ್ಲಿ ಯಾರಿಗಾಗಿ ದಾವೆ ಹೂಡಲಾಗಿತ್ತೋ ಆ ಬಾಲಕಿ ಲಿಂಡಾ ಬ್ರೌನ್ ಪ್ರಾಥಮಿಕ ಶಾಲೆಯ ವಯಸ್ಸನ್ನೇ ದಾಟಿಬಿಟ್ಟಿದ್ದಳು.

ನಮ್ಮ ಕನ್ನಡದ ಅಂಗಳದಲ್ಲೂ ಇದೇ ಕಥೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ, ಮಠದ ಜಮೀನಿಗಾಗಿ. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳು–ಆರರ ಅಂತರದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದು ತೀರ್ಪಾಯಿತು. ದೇಶಕ್ಕೆ ರಕ್ಷೆ ಸಿಕ್ಕಿತು, ಮಠಕ್ಕೆ ಜಮೀನು ಉಳಿಯಲಿಲ್ಲ.

ಹಾಗಾದರೆ ಇಂಥ ತೀರ್ಪುಗಳು ಯಾರಿಗಾಗಿ? ಈ ಪ್ರಶ್ನೆಗೆ ಉತ್ತರ ಹುಡುಕಲು ರಾಮನಗರ, ಚನ್ನಪಟ್ಟಣ, ಕನಕಪುರದ ಸೀಮೆಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಇಲ್ಲಿ ಹುಟ್ಟಿದವರು, ಇಲ್ಲಿಂದ ಗೆದ್ದವರು ಒಂದು ತೀರ್ಪಿನ ಎರಡೂ ಮಗ್ಗುಲನ್ನು ಮೈಮೇಲೆ ಹೊತ್ತು ಕಂಡಿದ್ದಾರೆ. ಅದು ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪು.

ಕಥೆಯ ಎಳೆ ಕನಕಪುರದಿಂದಲೇ ಹೊರಡುತ್ತದೆ. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ಆ ವರ್ಷ ವಿಧಾನಸಭೆಗೆ ಬಂದದ್ದು ಕನಕಪುರದ ಉಪಚುನಾವಣೆಯಲ್ಲಿ ಗೆದ್ದು. ದೂರವಾಣಿ ಕದ್ದಾಲಿಕೆಯ ಆರೋಪದ ಬಿರುಗಾಳಿಗೆ ಸಿಕ್ಕಿ 1988ರ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಆ ಕುರ್ಚಿಗೆ ಬಂದವರು ಬೊಮ್ಮಾಯಿ. ಎಂಟು ತಿಂಗಳು ಕಳೆಯಿತು. 1989ರ ಏಪ್ರಿಲ್‌ನಲ್ಲಿ ಕೆ.ಆರ್. ಮೊಳಕೇರಿ ಎಂಬ ಶಾಸಕರು ಹತ್ತೊಂಬತ್ತು ಶಾಸಕರ ಬೆಂಬಲ ವಾಪಸಾತಿ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಒಪ್ಪಿಸಿದರು. ಸರ್ಕಾರಕ್ಕೆ ಬಹುಮತವಿಲ್ಲ ಎಂದು ದೆಹಲಿಗೆ ವರದಿ ಹೋಯಿತು. ಅದರ ಬೆನ್ನಿಗೇ ಹತ್ತೊಂಬತ್ತರಲ್ಲಿ ಏಳು ಮಂದಿ, ನಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿತ್ತು, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆ, ಬೇಕಾದರೆ ಅಧಿವೇಶನವನ್ನು ಮೊದಲೇ ಕರೆಯಿರಿ ಎಂದು ಬೊಮ್ಮಾಯಿ ಕೇಳಿಕೊಂಡರು. ಕೇಳುವವರಿರಲಿಲ್ಲ. ಏಪ್ರಿಲ್ 21ರಂದು 356ನೇ ವಿಧಿಯ ಅಡಿ ರಾಷ್ಟ್ರಪತಿ ಆಳ್ವಿಕೆ ಬಂತು.

ಬೊಮ್ಮಾಯಿ ವಿಧಾನಸೌಧದ ಎದುರಿನ ಅಠಾರ ಕಚೇರಿಗೆ, ಅಂದರೆ ಹೈಕೋರ್ಟಿಗೆ ಹೋದರು. ಅಲ್ಲಿ ಅರ್ಜಿ ವಜಾ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು 1994ರ ಮಾರ್ಚ್ 11ರಂದು. ಕರ್ನಾಟಕ ಸರ್ಕಾರವನ್ನು ಕಿತ್ತುಹಾಕಿದ್ದು ಸಂವಿಧಾನಬಾಹಿರ. ಮುಖ್ಯಮಂತ್ರಿಗೆ ಬಹುಮತ ಇದೆಯೇ ಇಲ್ಲವೇ ಎಂಬುದು ರಾಜ್ಯಪಾಲರ ಖಾಸಗಿ ಅಂದಾಜಿನ ವಿಷಯವಲ್ಲ, ಅದು ಸದನದಲ್ಲಿ ಎಲ್ಲರೆದುರು ತೀರ್ಮಾನವಾಗಬೇಕು. ರಾಷ್ಟ್ರಪತಿ ಆಳ್ವಿಕೆಯ ಆದೇಶವನ್ನೂ ನ್ಯಾಯಾಲಯ ಪರಿಶೀಲಿಸಬಹುದು. ಇಷ್ಟು ಸ್ಪಷ್ಟವಾಗಿ ಗೆದ್ದ ಬೊಮ್ಮಾಯಿಯವರಿಗೆ ಸಿಕ್ಕಿದ್ದೇನು? 1989ರ ಕೊನೆಯಲ್ಲೇ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಿತ್ತು. ಕಳೆದುಹೋದ ಸರ್ಕಾರವನ್ನು ಯಾವ ಕೋರ್ಟೂ ಮರಳಿಸುವಂತಿರಲಿಲ್ಲ. ಅವರು ಮತ್ತೆ ಮುಖ್ಯಮಂತ್ರಿಯಾಗಲೇ ಇಲ್ಲ.

ಆ ತೀರ್ಪು ಬಂದ ಒಂಬತ್ತೇ ತಿಂಗಳಿಗೆ, 1994ರ ಡಿಸೆಂಬರ್‌ನಲ್ಲಿ, ರಾಮನಗರದಿಂದ ಗೆದ್ದ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು. 1996ರ ಜೂನ್ 1ರಂದು ಪ್ರಧಾನಿಯಾದರು. ಬೊಮ್ಮಾಯಿ ಅದೇ ಸಂಪುಟದಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವರು. 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ಲೆಕ್ಕವಾಯಿತು: ಪರ 158, ವಿರುದ್ಧ 292. ಸರ್ಕಾರ ಬಿತ್ತು. ಯಾವ ಎಣಿಕೆಯನ್ನು ಬೊಮ್ಮಾಯಿ ಕೈಮುಗಿದು ಕೇಳಿದ್ದರೋ, ಅದು ಈ ಬಾರಿ ಅವರಿದ್ದ ಸರ್ಕಾರವನ್ನೇ ಕೆಳಗಿಳಿಸಿತು. ಆದರೆ ಅನ್ಯಾಯವಾಯಿತೆಂದು ನ್ಯಾಯಾಲಯಕ್ಕೆ ಓಡುವ ಪ್ರಮೇಯ ಬರಲಿಲ್ಲ. ಸೋಲು ಕಣ್ಣೆದುರು ನಡೆದಿತ್ತು.

2018ರಲ್ಲಿ ಇನ್ನೊಂದು ಸುತ್ತು. ಎಚ್.ಡಿ. ಕುಮಾರಸ್ವಾಮಿ ಆ ಚುನಾವಣೆಯಲ್ಲಿ ರಾಮನಗರ, ಚನ್ನಪಟ್ಟಣ ಎರಡರಲ್ಲೂ ಗೆದ್ದಿದ್ದರು. 104 ಸ್ಥಾನ ಪಡೆದ ಬಿಜೆಪಿಯ ಬಿ.ಎಸ್. ಯಡಿಯೂರಪ್ಪನವರಿಗೆ ರಾಜ್ಯಪಾಲರು ಪ್ರಮಾಣ ವಚನದ ಆಹ್ವಾನವನ್ನೂ ಬಹುಮತ ಸಾಬೀತಿಗೆ ಹದಿನೈದು ದಿನಗಳ ಗಡುವನ್ನೂ ಕೊಟ್ಟರು. ಸುಪ್ರೀಂ ಕೋರ್ಟ್ ನಡುರಾತ್ರಿ ಬಾಗಿಲು ತೆರೆದು ಬೆಳಗಿನ ಜಾವದವರೆಗೆ ವಾದ ಕೇಳಿತು. ಪ್ರಮಾಣವನ್ನು ತಡೆಯಲಿಲ್ಲ, ಆದರೆ ಹದಿನೈದು ದಿನದ ಮಾತನ್ನು ಬದಿಗಿಟ್ಟು ಮೇ 19ರ ಸಂಜೆ ನಾಲ್ಕಕ್ಕೆ ಸದನದಲ್ಲಿ ಬಲಾಬಲ ನೋಡಿ ಎಂದಿತು. ಲೆಕ್ಕಕ್ಕೆ ಮುನ್ನವೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಮೇ 23ರಂದು ಕುಮಾರಸ್ವಾಮಿ ಮುಖ್ಯಮಂತ್ರಿ. ಹದಿನಾಲ್ಕು ತಿಂಗಳು ಕಳೆದು, 2019ರ ಜುಲೈ 23ರಂದು ಅದೇ ಸದನದಲ್ಲಿ 99ಕ್ಕೆ 105 ಮತ ಬಿದ್ದು ಅವರೂ ಇಳಿದರು. ಹತ್ತಿಸಿದ ಏಣಿಯೇ ಇಳಿಸಿತು. ಒಂದು ನಿಯಮ ನಿಜಕ್ಕೂ ನಿಯಮವೋ, ಯಾರದೋ ಆಯುಧವೋ ಎಂದು ತಿಳಿಯಲು ಇದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ. ಆಯುಧ ಹಿಡಿದವನ ಮಾತು ಕೇಳುತ್ತದೆ. ನಿಯಮ ಯಾರ ಮಾತನ್ನೂ ಕೇಳುವುದಿಲ್ಲ.

ರಾಜ್ಯದ ಈ ಎಣಿಕೆಗಳು ನಡೆಯುವ ವಿಧಾನಸೌಧವನ್ನು ಕಟ್ಟಿಸಿದವರು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯ. ಸೌಧ ಮುಗಿದ 1956ರಲ್ಲೇ ತಮ್ಮ ಪಕ್ಷದವರ ಅವಿಶ್ವಾಸಕ್ಕೆ ಗುರಿಯಾಗಿ ಅವರು ಅಧಿಕಾರ ಬಿಟ್ಟರು. ಕಟ್ಟಿಸಿದವರನ್ನೂ ಆ ಕಟ್ಟಡ ತನ್ನವರೆಂದು ಉಳಿಸಿಕೊಳ್ಳಲಿಲ್ಲ. ಸರ್ಕಾರದ ಕೆಲಸ ದೇವರ ಕೆಲಸ ಎಂದು ಅದರ ಹಣೆಯ ಮೇಲೆ ಬರೆಸಿದ್ದೂ ಅವರೇ. ಆ ಮಾತನ್ನು ನಾನು ಹೀಗೆ ಓದಿಕೊಳ್ಳುತ್ತೇನೆ: ಕೆಲಸ ದೇವರದು, ಕುರ್ಚಿ ಯಾರದೂ ಅಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಗೆಲುವಿನ ಕಥೆ. ಆದರೆ ಇದೇ ಸೀಮೆಯಲ್ಲಿ ಬಿಡದಿಯೂ ಇದೆ. 2017ರಲ್ಲಿ ರಾಜ್ಯಸಭಾ ಚುನಾವಣೆಗೆ ಮುಂಚೆ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ತಂದು ಇಟ್ಟಿದ್ದು ಬಿಡದಿಯ ಈಗಲ್‌ಟನ್ ರೆಸಾರ್ಟ್‌ನಲ್ಲಿ. ಆ ಜವಾಬ್ದಾರಿ ಹೊತ್ತವರು ಕನಕಪುರದ ಡಿ.ಕೆ. ಶಿವಕುಮಾರ್. ಮರುವರ್ಷದ ಆ ಮೇ ತಿಂಗಳಲ್ಲಿ ನಮ್ಮದೇ ರಾಜ್ಯದ ಕಾಂಗ್ರೆಸ್ ಶಾಸಕರು ಹೈದರಾಬಾದಿಗೆ ಹೊರಡುವ ಮುನ್ನ ತಂಗಿದ್ದೂ ಅಲ್ಲೇ. 2019ರಲ್ಲಿ ಸರ್ಕಾರ ಉರುಳುವಾಗ ಅತೃಪ್ತ ಶಾಸಕರು ಮುಂಬೈನ ಹೋಟೆಲಿನಲ್ಲಿದ್ದರು. ಪಕ್ಷ ಯಾವುದಾದರೂ ರೀತಿ ಒಂದೇ. ಬಹುಮತವನ್ನು ರಾಜಭವನದ ಕೋಣೆಯಿಂದ ಹೊರಗೆ ತನ್ನಿ ಎಂದು ತೀರ್ಪು ಹೇಳಿತು. ಹೊರಗೆ ತಂದವರು ದಾರಿಯಲ್ಲಿ ಅದನ್ನು ಇನ್ನೊಂದು ಕೋಣೆಯಲ್ಲಿಟ್ಟು, ಬೀಗ ಹಾಕಿ, ಲೆಕ್ಕದ ಗಂಟೆ ಹೊಡೆದಾಗ ಬಸ್ಸಿನಲ್ಲಿ ಕರೆತಂದರು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಹರಾಜು ಎಲ್ಲರೆದುರು, ತೂಕ ಎಲ್ಲರೆದುರು. ರೈತನಿಗೆ ಅದು ಸಣ್ಣ ರಕ್ಷಣೆಯಲ್ಲ. ಮನೆ ಬಾಗಿಲಿಗೆ ಬಂದ ದಲ್ಲಾಳಿ ಹೇಳಿದ್ದೇ ತೂಕ, ಕೊಟ್ಟಿದ್ದೇ ಬೆಲೆ ಎನ್ನುವ ಸ್ಥಿತಿಯನ್ನು ನೆನೆದರೆ ತಕ್ಕಡಿಯ ಬೆಲೆ ಗೊತ್ತಾಗುತ್ತದೆ. ಆದರೆ ಎಷ್ಟೇ ನೇರ್ಪಾದ ತಕ್ಕಡಿಯೂ ಗೂಡಿನೊಳಗಿನ ಎಳೆ ಎಂಥದ್ದೆಂದು ಹೇಳದು. ಅದು ತಿಳಿಯುವುದು ರೀಲರ್ ಅದನ್ನು ಕುದಿನೀರಿಗೆ ಹಾಕಿ ನೂಲು ತೆಗೆದಾಗ, ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಕರಗಿತೆಂದು ಲೆಕ್ಕ ಹಾಕಿದಾಗ. ಬೊಮ್ಮಾಯಿ ತೀರ್ಪು ತಕ್ಕಡಿಯನ್ನು ನಡುಮನೆಗೆ ತಂದಿಟ್ಟಿತು. ಗೂಡಿನ ಗುಣಕ್ಕೆ ಅದು ಹೊಣೆಯಲ್ಲ, ಹೊಣೆಯಾಗುವುದೂ ಸಾಧ್ಯವಿಲ್ಲ.

ನ್ಯಾಯಾಲಯಗಳಿಗೇ ಈ ಮಿತಿಯ ಅರಿವಿದೆ. 1946ರಲ್ಲಿ ಅಮೆರಿಕದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಮತಕ್ಷೇತ್ರಗಳ ಹಂಚಿಕೆಯಂಥ ರಾಜಕೀಯದ ಮುಳ್ಳುಪೊದೆಗೆ ಕೋರ್ಟು ಕೈ ಹಾಕಬಾರದೆಂದು ಎಚ್ಚರಿಸಿದ್ದರು. ಆದರೆ ಟೆನೆಸಿ ರಾಜ್ಯ 1901ರಿಂದ ಕ್ಷೇತ್ರಗಳ ಗಡಿಯನ್ನು ಮುಟ್ಟಿರಲೇ ಇಲ್ಲ. ಜನ ಪಟ್ಟಣಗಳಿಗೆ ಸಾಗಿದ್ದರು, ಪ್ರತಿನಿಧಿಗಳು ಹಳ್ಳಿಗಳಲ್ಲೇ ಉಳಿದಿದ್ದರು. 1962ರ ಬೇಕರ್ ಪ್ರಕರಣದಲ್ಲಿ ಕೋರ್ಟು ಪೊದೆಗೆ ಕೈ ಹಾಕಿತು. ಎರಡು ವರ್ಷಗಳ ನಂತರ ರೆನಾಲ್ಡ್ಸ್ ಪ್ರಕರಣದಲ್ಲಿ, ರಾಜ್ಯ ಶಾಸನಸಭೆಯ ಕ್ಷೇತ್ರಗಳನ್ನು ಜನಸಂಖ್ಯೆ ಸಮನಾಗುವಂತೆ ಹಂಚಬೇಕೆಂದಿತು. ಅದೇ ನ್ಯಾಯಾಲಯ 2000ದ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಮರುಎಣಿಕೆಯನ್ನು ಐದು–ನಾಲ್ಕರಲ್ಲಿ ನಿಲ್ಲಿಸಿತು. ಅಲ್ಲಿನ ಅಂತರ 537 ಮತ. ಅಧ್ಯಕ್ಷ ಪದವಿ ಜಾರ್ಜ್ ಬುಷ್ ಪಾಲಾಯಿತು. ಒಂದು ಸಲ ಎಣಿಕೆಯನ್ನು ನೆಟ್ಟಗಾಗಿಸಿದ ಕೈಯೇ ಇನ್ನೊಂದು ಸಲ ಎಣಿಕೆಯನ್ನು ತಡೆಯಿತು. ಮೊದಲ ತೀರ್ಪನ್ನು ಈಗ ಹೆಚ್ಚಿನವರು ಒಪ್ಪಿಕೊಂಡಿದ್ದಾರೆ, ಎರಡನೆಯದು ಇನ್ನೂ ಹುಣ್ಣಾಗಿಯೇ ಇದೆ. ಎಣಿಸಿ ಎಂದು ಹೇಳಿದಾಗ ನ್ಯಾಯಾಲಯ ಜನರಿಗೆ ಅಧಿಕಾರವನ್ನು ಮರಳಿಸುತ್ತದೆ. ಸಾಕು ಎಂದಾಗ ಅದನ್ನು ತಾನೇ ಇಟ್ಟುಕೊಂಡಂತೆ ಕಾಣುತ್ತದೆ. ಬೊಮ್ಮಾಯಿ ತೀರ್ಪಿನ ಬಲ ಇರುವುದು ಅದು ಮೊದಲನೆಯ ಜಾತಿಯದು ಎಂಬುದರಲ್ಲಿ.

ಎಣಿಕೆ ಸದನದಲ್ಲೇ, ಎಲ್ಲರ ಕಣ್ಣೆದುರೇ ಯಾಕೆ? ಮತಗಟ್ಟೆಯಲ್ಲಿ ನಾವು ಮರೆಯಲ್ಲಿ ನಿಂತು ಮತ ಹಾಕುತ್ತೇವೆ. ಯಾರಿಗೆ ಹಾಕಿದೆವೆಂದು ಹೆಂಡತಿ ಮಕ್ಕಳಿಗೂ ಹೇಳಬೇಕಾಗಿಲ್ಲ. ಶಾಸಕ ಮಾತ್ರ ಸದನದಲ್ಲಿ ಎದ್ದು ನಿಂತು ತೋರಿಸಬೇಕು. ಈ ವ್ಯತ್ಯಾಸದಲ್ಲಿ ಪ್ರಜಾಪ್ರಭುತ್ವದ ಒಂದು ಗುಟ್ಟಿದೆ. ನನ್ನ ಮತ ನನ್ನದು. ಅದರ ಲೆಕ್ಕ ನಾನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಶಾಸಕ ಹಾಕುವ ಮತ ಅವನದಲ್ಲ, ಸಾವಿರಾರು ಜನ ಅವನ ಕೈಯಲ್ಲಿ ಇಟ್ಟ ನಂಬಿಕೆ. ಇಟ್ಟುಕೊಂಡವನು ಇಟ್ಟವರ ಕಣ್ಣೆದುರು ಖರ್ಚು ಮಾಡಬೇಕು. ರೆಸಾರ್ಟಿನ ತಪ್ಪು ಅಲ್ಲಿನ ಊಟದಲ್ಲೂ ಇಲ್ಲ, ಹಾಸಿಗೆಯಲ್ಲೂ ಇಲ್ಲ. ಜನರ ಗಂಟನ್ನು ಜನರ ಕಣ್ಣಿಂದ ಮರೆಮಾಡಿದ್ದರಲ್ಲಿದೆ.

ಮರೆಮಾಡಿದವನನ್ನು ಹಿಡಿಯುವ ಕಾನೂನೂ ಇದೆ. 1985ರಿಂದ ಪಕ್ಷಾಂತರ ನಿಷೇಧವಿದೆ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಹದಿನೇಳು ಶಾಸಕರ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಉಪಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರ್‌ನಲ್ಲಿ ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದಾಗ ಹನ್ನೆರಡನ್ನು ಅವರು ಸೇರಿದ ಬಿಜೆಪಿಯೇ ಗೆದ್ದಿತು. ಕೋರ್ಟು ಅನರ್ಹರು ಎಂದವರಲ್ಲಿ ಹೆಚ್ಚಿನವರನ್ನು ಮತದಾರರು ಮತ್ತೆ ಅರ್ಹರನ್ನಾಗಿ ಮಾಡಿದರು. ಚನ್ನಪಟ್ಟಣದವರಿಗೂ ಇದು ಹೊಸದಲ್ಲ. ಸಿ.ಪಿ. ಯೋಗೇಶ್ವರ್ 1999ರಲ್ಲಿ ಪಕ್ಷೇತರರಾಗಿ ಗೆದ್ದಲ್ಲಿಂದ ಕಾಂಗ್ರೆಸ್, ಬಿಜೆಪಿ, ಸಮಾಜವಾದಿ ಪಕ್ಷ ಎಲ್ಲವನ್ನೂ ಸುತ್ತಿ, 2024ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನಿಂದ ಮರಳಿ ಗೆದ್ದರು. ಮತದಾರ ಮೋಸ ಹೋದನೆಂದು ಸುಲಭವಾಗಿ ಹೇಳಲಾರೆ. ಚಿಹ್ನೆಗಿಂತ ಕೆರೆಗೆ ಬಂದ ನೀರನ್ನೋ ಕಷ್ಟಕ್ಕೆ ಬಂದ ಮನುಷ್ಯನನ್ನೋ ಅವನು ತೂಗಿರಬಹುದು. ಅದು ಅವನ ಹಕ್ಕು, ಅವನ ನ್ಯಾಯ. ಆದರೆ ಒಂದು ಮಾತು ನಿಜ: ಹಾಗೆ ತೂಗುವಾಗ, ಸದನದಲ್ಲಿ ನಮ್ಮ ನಂಬಿಕೆಯನ್ನು ಏನು ಮಾಡಿದೆ ಎಂಬ ಪ್ರಶ್ನೆಯನ್ನು ನಾವು ತಕ್ಕಡಿಗೆ ಹಾಕುವುದೇ ಅಪರೂಪ.

ಮಾರ್ಬರಿಗೆ ಹುದ್ದೆ ಸಿಗಲಿಲ್ಲ, ಎಡನೀರಿಗೆ ಜಮೀನು ಉಳಿಯಲಿಲ್ಲ, ಬೊಮ್ಮಾಯಿಗೆ ಸರ್ಕಾರ ಮರಳಲಿಲ್ಲ. ದಾವೆ ಹೂಡಿದವರ ಪಾಲು ಹಾಗೆ ಉಳಿದೇ ಹೋದದ್ದರಿಂದ ಆ ಪಾಲಿಗೆ ಈಗ ನಾವು ಹಕ್ಕುದಾರರು. ತೀರ್ಪು ಯಾರಿಗಾಗಿ ಎಂದರೆ, ಆಮೇಲೆ ಬಂದವರಿಗಾಗಿ. ಹಕ್ಕಿನ ಜೊತೆಗೆ ಹೊಣೆಯೂ ಬಂದಿದೆ. ಬಹುಮತವನ್ನು ಎಲ್ಲಿ ತೂಗಬೇಕೆಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮೆ ಹೇಳಿ ಮುಗಿಸಿದ್ದಾರೆ. ಆ ಬಹುಮತ ಎಂಥದ್ದಾಗಿರಬೇಕು ಎಂಬುದನ್ನು ಅವರು ಹೇಳಲಾರರು. ಅದನ್ನು ಪ್ರತಿ ಚುನಾವಣೆಯಲ್ಲೂ ಹೊಸದಾಗಿ ಹೇಳಬೇಕಾದವರು ಕನಕಪುರ, ಮಾಗಡಿ, ಚನ್ನಪಟ್ಟಣದ ಮತದಾರರು. ನಾವು ಕೇಳದೆ ಬಿಟ್ಟ ಪ್ರಶ್ನೆಯನ್ನು ನಮ್ಮ ಪರವಾಗಿ ಯಾವ ಪೀಠವೂ ಕೇಳುವುದಿಲ್ಲ.