ಮೂಲೆಯ ಅಷ್ಟಪದಿ

ನವರಾತ್ರಿಗೆ ಎರಡು ದಿನ ಇದೆ ಎನ್ನುವಾಗ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಒಂದೇ ಸದ್ದು. ಮಂಚ ಎಳೆಯುವುದು, ಅಟ್ಟದಿಂದ ಗೊಂಬೆಯ ಪೆಟ್ಟಿಗೆ ಇಳಿಸುವುದು, ತಲೆಗೆ ಟವೆಲ್ ಸುತ್ತಿಕೊಂಡು ಸೀನುವುದು. ನಿಮ್ಮ ಮನೆಯಲ್ಲೂ ಇದು ನಡೆದೇ ಇರುತ್ತದೆ. ನಮ್ಮಲ್ಲಿ ಬಲೆ ಹೊಡೆಯುವ ಕೆಲಸ ನನ್ನ ಪಾಲಿನದು. ಬಿದಿರುಕೋಲಿನ ತುದಿಗೆ ಪೊರಕೆ ಕಟ್ಟಿಕೊಂಡು ನಡುಮನೆಯ ಮೂಲೆಗೆ ಚಾಚಿದೆ. ಅಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ, ನೂಲಿನಂಥ ಕಾಲುಗಳ ಜೇಡ ಪೊರಕೆ ತಾಗಿದ್ದೇ ತಡ ಮೈಯನ್ನು ಗರಗರ ಅಲುಗಾಡಿಸಿ, ಎಲ್ಲಿದೆಯೆಂದೇ ತಿಳಿಯದಷ್ಟು ಮಸುಕಾಗಿಬಿಟ್ಟಿತು. ಹಗೆಗೆ ಗುರಿ ಸಿಗದಂತೆ ಅದು ಹೂಡುವ ಉಪಾಯ ಅದು. ಕೆಳಗೆ ನಿಂತಿದ್ದ ಮೊಮ್ಮಗ ಕೇಳಿದ: “ತಾತ, ಅದಕ್ಕೆ ಯಾಕೆ ಎಂಟು ಕಾಲು?” ಕಣ್ಣಿಗೆ ಧೂಳು ಬೀಳುತ್ತಿತ್ತು. “ದಿಕ್ಕು ಎಂಟಲ್ಲವೇನೋ, ಅದಕ್ಕೆ” ಎಂದುಬಿಟ್ಟೆ. ಅವನು ಒಂದು ಗಳಿಗೆ ಯೋಚಿಸಿ, “ಹಾಗಾದ್ರೆ ಇರುವೆಗೆ ಆರೇ ದಿಕ್ಕಾ?” ಎಂದ. ನಾನು ಕೋಲು ಕೆಳಗಿಟ್ಟೆ.

ಮಕ್ಕಳಿಗೆ ಚಂದದ ಸುಳ್ಳು ಹೇಳುವುದು ಸುಲಭ. ಅದು ಅವರ ಎರಡನೆಯ ಪ್ರಶ್ನೆಯವರೆಗೆ ಮಾತ್ರ ಬಾಳುತ್ತದೆ. ನಿಜವಾದ ಉತ್ತರದಲ್ಲಿ ಅಂಥ ಚಮತ್ಕಾರವೇನೂ ಇಲ್ಲ. ಎಂಟು ಬೇಕೆಂದು ಲೆಕ್ಕ ಹಾಕಿ ಪಡೆದದ್ದಲ್ಲ, ಹಿರಿಯರಿಂದ ಬಂದದ್ದು. ಚೇಳಿಗೂ ಎಂಟು ಕಾಲು, ದನದ ಕಿವಿಯಲ್ಲಿ ಕೂರುವ ಉಣ್ಣೆಗೂ ಎಂಟು. ಎಲ್ಲ ಒಂದೇ ವಂಶ. ಕೋಟಿಗಟ್ಟಲೆ ವರ್ಷಗಳ ಹಿಂದೆ ಕಡಲಲ್ಲಿ ಬಾಳಿದ ಈ ವಂಶದ ಹಿರಿಯರಿಗೆ ಮೈಯುದ್ದಕ್ಕೂ ಜೋಡಿ ಜೋಡಿ ಅವಯವಗಳಿದ್ದವು. ಮುಂಭಾಗದ ನಾಲ್ಕು ಜೋಡಿ ಕಾಲಾಗಿ ಉಳಿದವು. ಹೊಟ್ಟೆಯ ಭಾಗದವು ಏನಾದವು ಎಂಬುದೇ ಸೊಗಸಾದ ಸಂಗತಿ: ಕೆಲವು ಜೇಡ ಉಸಿರಾಡುವ, ಪುಸ್ತಕದ ಹಾಳೆಗಳಂತೆ ಪದರಪದರವಾದ ಶ್ವಾಸಾಂಗವಾದವು; ಇನ್ನು ಕೆಲವು ನೂಲು ಹೊರಬರುವ ಪುಟ್ಟ ನಳಿಗೆಗಳಾದವು. ನಮ್ಮ ಅಜ್ಜಿಯಂದಿರು ಹಳೆಯ ಸೀರೆಯನ್ನು ಎಸೆಯದೆ ಕೌದಿ ಹೊಲಿದ ಹಾಗೆ. 2012ರಲ್ಲಿ ಜರ್ಮನಿಯ ಸಂಶೋಧಕರು ಜೇಡದ ಭ್ರೂಣದಲ್ಲಿ ಒಂದೇ ಒಂದು ಜೀನನ್ನು ಅಡಗಿಸಿ ನೋಡಿದರು. ಹೊಟ್ಟೆಯ ಮೊದಲ ಭಾಗದಲ್ಲಿ ಇನ್ನೊಂದು ಜೋಡಿ ಮೂಡಿ ಕಾಲು ಹತ್ತಾದವು! ಅಂದರೆ ಆ ಕಾಲು ಬೆಳೆಸುವ ಶಕ್ತಿ ಇನ್ನೂ ಅಲ್ಲೇ ಇದೆ; “ನೀನು ಸುಮ್ಮನಿರು” ಎಂದು ಹೇಳುವವರೊಬ್ಬರು ಇದ್ದಾರೆ, ಅಷ್ಟೆ. ಎಲ್ಲ ತುಂಬಿದ ಮನೆಗಳಲ್ಲೂ ಅಂಥ ಒಬ್ಬರು ಬೇಕಾಗುತ್ತಾರೆ.

ಕಪಾಟು ಸರಿಸಿದಾಗ ಸಂದಿಯಿಂದ ಸತ್ತ ಜೇಡವೊಂದು ಬಿತ್ತು. ಕಾಲುಗಳೆಲ್ಲ ಹೊಟ್ಟೆಯತ್ತ ಮುದುಡಿಕೊಂಡಿದ್ದವು. ಸತ್ತ ಜೇಡ ಹೀಗೆ ಮುದುಡಿ ಬಿದ್ದಿರುವುದನ್ನು ನೀವೂ ಗುಡಿಸುವಾಗ ನೋಡಿರುತ್ತೀರಿ. ಅದರ ಒಂದೊಂದು ಕಾಲಿನಲ್ಲೂ ಏಳೇಳು ಭಾಗ. ಅವುಗಳ ನಡುವಿನ ಎರಡು ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಬಿಡಿಸುವ ಸ್ನಾಯು ಇಲ್ಲ. ಹಾಗಾದರೆ ಕಾಲು ಚಾಚುವುದು ಹೇಗೆ? ಮೈಯ ಮುಂಭಾಗವನ್ನು ಬಿಗಿಹಿಡಿದು, ರಕ್ತದಂಥ ದ್ರವವನ್ನು ಕಾಲಿನೊಳಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಕಾಲು ನೆಟ್ಟಗಾಗುತ್ತದೆ. ಜಾತ್ರೆಯಲ್ಲಿ ಸಿಗುವ ಸುರುಳಿ ಪೀಪಿ ಗೊತ್ತಲ್ಲ, ಊದಿದರೆ ಎದುರಿನವರ ಮೂಗಿನವರೆಗೆ ಬಿಚ್ಚಿಕೊಂಡು, ಉಸಿರು ನಿಲ್ಲಿಸಿದರೆ ಸುತ್ತಿಕೊಳ್ಳುವುದು? ಸುಮಾರಾಗಿ ಹಾಗೆಯೇ. ಜೀವ ಹೋದರೆ ಒತ್ತುವವರಿಲ್ಲ, ಕಾಲು ಮುದುಡುತ್ತದೆ. ಕಿಟಕಿಯ ಸರಳಿನ ಮೇಲೆ ನೊಣಕ್ಕೆ ಹೊಂಚು ಹಾಕುವ ಪುಟ್ಟ ಜಿಗಿಯುವ ಜೇಡವೂ ಹಿಂಗಾಲಿಗೆ ದ್ರವ ನುಗ್ಗಿಸಿಯೇ ತನ್ನ ಮೈಯ ಹಲವು ಪಟ್ಟು ದೂರ ಹಾರುತ್ತದೆ. ಹಾರುವ ಮುನ್ನ ನಿಂತ ಜಾಗಕ್ಕೆ ಒಂದು ಎಳೆ ಅಂಟಿಸಿಕೊಳ್ಳುವುದನ್ನು ಮಾತ್ರ ಮರೆಯುವುದಿಲ್ಲ. ಗುರಿ ತಪ್ಪಿದರೆ ಅದೇ ಎಳೆಯಲ್ಲಿ ತೂಗಾಡುತ್ತ ಹಿಂದಿರುಗಬಹುದು.

ಕಾಲು ಇರುವುದು ನಡೆಯಲಿಕ್ಕೆ ಎಂದು ತಿಳಿದವರು ನಾವು. ಜೇಡಕ್ಕೆ ನಮ್ಮಂತೆ ಕಿವಿಯಿಲ್ಲ, ನಾಲಗೆಯಿಲ್ಲ, ಕೈಯಿಲ್ಲ. ಎಲ್ಲ ಆ ಕಾಲುಗಳೇ. ಕಾಲಿನ ಮೇಲಿನ ನವಿರು ಕೂದಲು, ಹಾರುವ ನೊಣದ ರೆಕ್ಕೆಯಿಂದ ಎದ್ದ ಗಾಳಿಯನ್ನೂ ಹಿಡಿಯುತ್ತದೆ. ಕೀಲುಗಳ ಬಳಿಯ ಸೂಕ್ಷ್ಮ ಸೀಳುಗಳು ನಡುಕವನ್ನು ತಿಳಿಯುತ್ತವೆ. ತುದಿಯ ಕೆಲವು ರೋಮಗಳು ರುಚಿ ನೋಡುತ್ತವೆ. ತೋಟದಲ್ಲಿ ಬಲೆಯ ನಟ್ಟನಡುವೆ, ಎರಡೆರಡು ಕಾಲು ಜೋಡಿಸಿ ಗುಣಿಸು ಚಿಹ್ನೆಯ ಹಾಗೆ ಕೂರುವ ಪಟ್ಟೆಪಟ್ಟೆಯ ಜೇಡ ನಿದ್ದೆ ಮಾಡುತ್ತಿದೆ ಎನ್ನಿಸುತ್ತದೆ. ಅದು ಎಂಟು ಕಾಲಿನಲ್ಲಿ ಎಂಟು ಕಡೆಯ ಸುದ್ದಿ ಕೇಳುತ್ತಿರುತ್ತದೆ. ಆ ಲೆಕ್ಕದಲ್ಲಿ ನನ್ನ ದಿಕ್ಕಿನ ಉತ್ತರ ಪೂರ್ತಿ ಸುಳ್ಳೂ ಅಲ್ಲ! ನೇಯುವಾಗ ಹಿಂದಿನ ಜೋಡಿ ನೂಲು ಎಳೆಯುತ್ತದೆ, ಮುಂದಿನದು ದಾರಿ ತಡಕುತ್ತದೆ, ಎಳೆಯಿಂದ ಎಳೆಗೆ ಇರುವ ಅಂತರವನ್ನೂ ಕಾಲಿನಿಂದಲೇ ಅಳೆಯುತ್ತದೆ, ಹೂವಾಡಗಿತ್ತಿ ಮೊಳ ಹಾಕಿದಂತೆ. ಕನ್ನಡದಲ್ಲಿ ಜೇಡ ಎಂದರೆ ನೇಕಾರನೂ ಹೌದು, ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ ಮಾತು. ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಸಿ, ಮೇಲೆ ಲಾಳಿ ಓಡಿಸುತ್ತ ಕೆಳಗೆ ತುಳಿಯುವವರನ್ನು ಕಂಡವರೇ ಈ ಹುಳುವಿಗೆ ಆ ಹೆಸರು ಹೊಂದುತ್ತದೆಂದು ಒಪ್ಪಿರಬೇಕು. ಇನ್ನೊಂದು ಜೇಡವಂತೂ ನಟ. ಮಲೆನಾಡಿನವರು ಚಗಳಿ ಎನ್ನುವ, ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯ ವೇಷ ಅದರದು. ಇರುವೆಗೆ ಆರೇ ಕಾಲು. ಆದ್ದರಿಂದ ಅದು ಮುಂದಿನ ಎರಡನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತ ಓಡಾಡುತ್ತದೆ. ಇದನ್ನು ಕೇಳಿ ಮೊಮ್ಮಗ ತಾನೂ ಎರಡು ಕೈ ಹಣೆಗಿಟ್ಟು ಬೆರಳಾಡಿಸಿದ.

ಇಷ್ಟೆಲ್ಲ ತಿಳಿದ ಮೇಲೂ ಬಲೆ ತೆಗೆಯಲೇಬೇಕು, ಗೊಂಬೆ ಕೂರಿಸುವ ಮನೆ. ಜಯದೇವ ಕವಿಯ ಅಷ್ಟಪದಿಗೆ ತಲೆದೂಗುವ ನಾವೇ ಮೂಲೆಯ ಅಷ್ಟಪದಿಗೆ ಪೊರಕೆ ತೋರಿಸುವುದು ಸಂಸಾರದ ಧರ್ಮ ಎಂದುಕೊಳ್ಳೋಣ. ಆದರೆ ಬಲೆ ಬೇರೆ, ಜೇಡ ಬೇರೆ. ಬಲೆ ಹೋದರೆ ಅದು ಮತ್ತೆ ಕಟ್ಟೀತು. ಹೀಗೆಂದುಕೊಳ್ಳುತ್ತಿರುವಾಗಲೇ ಬಚ್ಚಲಿನಿಂದ ನಮ್ಮ ಮನೆಯವಳ ಕೂಗು. ಗೋಡೆಯ ಮೇಲೆ ಅಂಗೈಯಗಲದ ಕಂದು ಜೇಡ, ಚಪ್ಪಟೆಯಾಗಿ ಅಂಟಿ ಕೂತಿತ್ತು. ಇದು ಬಲೆ ಕಟ್ಟುವುದಲ್ಲ, ರಾತ್ರಿ ಜಿರಲೆ ಹಿಡಿದು ತಿನ್ನುವುದು. “ಜಿರಲೆಗೆ ಔಷಧಿ ಹೊಡೆಸಿ ಅಂತ ನೀನೇ ಹೇಳ್ತಿದ್ದೆಯಲ್ಲ, ಇದೂ ಅದೇ ಕೆಲಸ” ಎಂದೆ. “ಔಷಧಿಗೆ ಕಾಲಿರೋದಿಲ್ಲ” ಎಂದಳು. ಅದೂ ಸರಿಯೇ. ಮೊಮ್ಮಗ ಹಿಡಿಯಲು ಕೈಚಾಚಿದ, ತಡೆದೆ. ಕಾಲು ಹಿಡಿದೆಳೆದರೆ ಜೇಡ ಆ ಕಾಲನ್ನೇ ಕಳಚಿಟ್ಟು ಓಡಬಲ್ಲದು. ಇನ್ನೂ ಪೊರೆ ಬಿಡುವ ವಯಸ್ಸಾದರೆ ಮುಂದಿನ ಪೊರೆಗಳಲ್ಲಿ ಹೊಸದು ಬರುತ್ತದೆ. ವಯಸ್ಸು ದಾಟಿದ್ದರೆ ಇಲ್ಲ. ಅದಕ್ಕೇ ಅಗಲ ಬಾಯಿಯ ಡಬ್ಬಿ ಕವುಚಿ, ಗೋಡೆಗೂ ಡಬ್ಬಿಗೂ ನಡುವೆ ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದ ಮೆಲ್ಲಗೆ ತೂರಿಸಿದೆ. ಮೊಮ್ಮಗ ಎರಡೂ ಕೈಯಲ್ಲಿ ಅದನ್ನು ಹಿಡಿದು, ಮಂಗಳಾರತಿಯ ತಟ್ಟೆ ಒಯ್ಯುವವನಂತೆ ಹಿತ್ತಲಿಗೆ ನಡೆದ. ಸೀಬೆಮರದ ಬುಡದಲ್ಲಿ ಡಬ್ಬಿ ಎತ್ತಿದ. ಜೇಡ ಅಲ್ಲಾಡಲಿಲ್ಲ. ಅವನು ಬಗ್ಗಿ ಎಣಿಸತೊಡಗಿದ, ಬೆರಳು ಮಡಚುತ್ತ, ಮತ್ತೊಮ್ಮೆ ಮೊದಲಿನಿಂದ.

“ತಾತ, ಏಳೇ ಇವೆ.”

ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗುವಷ್ಟರಲ್ಲಿ ಅದು ಕಾಂಡ ಹತ್ತಿ ಎಲೆಗಳೊಳಗೆ ಹೋಗಿಯಾಗಿತ್ತು.