ಮರಳುಗಡಿಯಾರಗಳ ಮಂದಿರ

ಕಾಲವು ಒಂದೇ ದಿಕ್ಕಿಗೆ ಹರಿದು ಕೊನೆ ಮುಟ್ಟುತ್ತದೆಯೋ, ನಡೆದದ್ದೆಲ್ಲ ಮರಳಿ ಮರಳಿ ನಡೆಯುತ್ತದೆಯೋ ಎಂಬ ಪ್ರಶ್ನೆಗೆ ಕ್ರೈಸ್ತ ಯುರೋಪು ಬಹುಕಾಲ ಒಂದೇ ಉತ್ತರ ಕೊಡುತ್ತ ಬಂದಿತ್ತು. ಪ್ಲೇಟೋ ಅದೇ ಅಥೆನ್ಸಿನಲ್ಲಿ ಅದೇ ಶಿಷ್ಯರಿಗೆ ಅನಂತ ಸಲ ಪಾಠ ಹೇಳುತ್ತಾನೆಂಬ ಪ್ರಾಚೀನರ ಕಾಲಚಕ್ರದ ಕಲ್ಪನೆಯನ್ನು ಐದನೆಯ ಶತಮಾನದ ಸಂತ ಅಗಸ್ಟೀನನು ತನ್ನ ‘ದೇವನಗರ’ ಗ್ರಂಥದಲ್ಲಿ ಎತ್ತಿಕೊಂಡು, ಕ್ರಿಸ್ತನು ಮನುಷ್ಯರ ಪಾಪಗಳಿಗಾಗಿ ಸತ್ತದ್ದು ಒಂದೇ ಸಲವಾದ್ದರಿಂದ ಅದು ಸಲ್ಲದೆಂದು ತಳ್ಳಿಹಾಕಿದ್ದನು. ಆ ತೀರ್ಪನ್ನು ಮತ್ತೆ ಕೆದಕಿದವನು ಜರ್ಮನ್ ತತ್ತ್ವಜ್ಞಾನಿ ನೀಷೆ. ಒಂದು ಭೂತವು ಬಂದು, ಈ ಬಾಳನ್ನೇ ಎಳ್ಳಷ್ಟೂ ಬದಲಿಲ್ಲದೆ ಎಣಿಕೆಯಿಲ್ಲದಷ್ಟು ಸಲ ಬಾಳಬೇಕಾಗುತ್ತದೆಂದು ಹೇಳಿದರೆ ಮನುಷ್ಯನು ಹಲ್ಲು ಕಡಿಯುವನೋ, ಧನ್ಯನಾದೆನೆನ್ನುವನೋ ಎಂದು ಅವನು 1882ರಲ್ಲಿ ಕೇಳಿದನು. ಆ ಪ್ರಶ್ನೆಯ ಜೊತೆಗೆ ಅವನು ಕೊಟ್ಟ ಚಿತ್ರ, ಮತ್ತೆ ಮತ್ತೆ ತಿರುವಿಡಲಾಗುವ ಮರಳುಗಡಿಯಾರದ್ದು.

‘ಚಿರಂತನ ಪುನರಾವರ್ತನೆ’ ಎಂದು ಕರೆಯಲಾಗುವ ಈ ವಿಚಾರಕ್ಕೆ ಮೈಕೊಟ್ಟ ‘ಜರತುಷ್ಟ್ರ’ ಕೃತಿಯ ಮೊದಲ ಭಾಗ ರೂಪುಗೊಂಡದ್ದು 1882–83ರ ಚಳಿಗಾಲದಲ್ಲಿ, ಇಟಲಿಯ ಲಿಗೂರಿಯಾ ಕರಾವಳಿಯ ರಪಾಲ್ಲೊ ಊರಿನಲ್ಲಿ. ಅದೇ 1883ರಲ್ಲಿ ನೀಷೆಯ ಶಾಲಾಗೆಳೆಯ ಪಾಲ್ ಡಾಯ್ಸನ್, ಶಂಕರರ ಭಾಷ್ಯವನ್ನು ಆಧರಿಸಿದ ತನ್ನ ವೇದಾಂತ ಗ್ರಂಥವನ್ನು ಪ್ರಕಟಿಸಿದನೆಂಬುದನ್ನು ಇಲ್ಲಿ ನೆನೆಯಬಹುದು. ಒಬ್ಬನು ಸಂಸಾರಚಕ್ರದಿಂದ ಬಿಡುಗಡೆ ಬಯಸುವ ದರ್ಶನವನ್ನು ವಿವರಿಸುತ್ತಿದ್ದಾಗ, ಇನ್ನೊಬ್ಬನು ಚಕ್ರವನ್ನೇ ಪ್ರೀತಿಸಬೇಕೆನ್ನುತ್ತಿದ್ದನು. ಪುನರ್ಜನ್ಮದಲ್ಲಿ ಕರ್ಮಕ್ಕೆ ತಕ್ಕಂತೆ ಬಾಳು ಬೇರೆಯಾಗುತ್ತದೆ. ನೀಷೆಯಲ್ಲಿ ಆ ಸಮಾಧಾನವೂ ಇಲ್ಲ.

ನೀಷೆಯ ಆ ಕೃತಿ ರೂಪುಗೊಂಡ ಲಿಗೂರಿಯಾದ ಯುವಕರೇ ಕಟ್ಟಿದ ‘ಮುಸೇಯೊ ರೋಸೆನ್‌ಬಾಖ್’ ಎಂಬ ಸಂಗೀತ ತಂಡವು 1973ರಲ್ಲಿ ತನ್ನ ಚೊಚ್ಚಲ ಧ್ವನಿಮುದ್ರಿಕೆಗೆ ‘ಜರತುಷ್ಟ್ರ’ ಎಂದೇ ಹೆಸರಿಟ್ಟಿತು. ಅದು ಪ್ರೊಗ್ರೆಸಿವ್ ರಾಕ್, ಅಂದರೆ ರಾಕ್ ಸಂಗೀತದ ವಾದ್ಯಗಳಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೀರ್ಘ ರಚನೆಗಳನ್ನು ಕಟ್ಟುವ ಪ್ರಕಾರ. ಮುದ್ರಿಕೆಯ ಒಂದು ಬದಿಯನ್ನು ಇಡಿಯಾಗಿ ತುಂಬಿದ ರಚನೆಯ ಕೊನೆಯ ಭಾಗಕ್ಕೆ ‘ಮರಳುಗಡಿಯಾರಗಳ ಮಂದಿರ’ ಎಂಬರ್ಥದ ಹೆಸರಿದೆ. ಈ ರಚನೆಯಲ್ಲಿ ಕೇಳಿಬರುವ ಮೆಲೊಟ್ರಾನ್ ವಾದ್ಯದಲ್ಲಿ ಒಂದೊಂದು ಕೀಗೂ ಒಂದೊಂದು ಟೇಪಿನ ಪಟ್ಟಿಯಿರುತ್ತದೆ. ಕೀ ಒತ್ತಿದರೆ ಮೊದಲೇ ಮುದ್ರಿಸಿಟ್ಟ ಪಿಟೀಲುಗಳ ಸ್ವರ ಸುಮಾರು 8 ಸೆಕೆಂಡು ನುಡಿದು ನಿಲ್ಲುತ್ತದೆ, ಬೆರಳೆತ್ತಿದೊಡನೆ ಸ್ಪ್ರಿಂಗು ಪಟ್ಟಿಯನ್ನು ಆರಂಭಕ್ಕೆ ಎಳೆದುಕೊಳ್ಳುತ್ತದೆ. ಅದೇ ಸ್ವರ ಮತ್ತೆ ಬೇಕಾದರೆ ನುಡಿಸುವವನು ಮತ್ತೆ ಒತ್ತಲೇಬೇಕು. ನೀಷೆಯ ವಿಚಾರವು ವಿಶ್ವನಿಯಮವಲ್ಲ, ಮನುಷ್ಯನ ಇಚ್ಛೆಗೆ ಒಡ್ಡಿದ ಪರೀಕ್ಷೆ ಎಂದು ಓದುವವರು ಹೇಳುವುದೂ ಇದನ್ನೇ: ಮರಳುವಿಕೆ ತಾನಾಗಿ ಆಗುವುದಲ್ಲ, ಅದನ್ನು ಪ್ರತಿಸಲವೂ ಬಯಸಬೇಕು.

ಆ ಮುದ್ರಿಕೆಯ ಹೊದಿಕೆಯ ಚಿತ್ರಸಂಯೋಜನೆಯಲ್ಲಿ ಇಟಲಿಯ ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸೊಲಿನಿಯ ಮುಖಶಿಲ್ಪವೂ ಸೇರಿಕೊಂಡಿತ್ತು. ಎಡಪಂಥೀಯ ಯುವಜನರೇ ಹೆಚ್ಚಾಗಿದ್ದ ಆ ಕಾಲದ ಇಟಲಿಯ ಸಂಗೀತಲೋಕದಲ್ಲಿ ತಂಡಕ್ಕೆ ಫ್ಯಾಸಿಸ್ಟರೆಂಬ ಹಣೆಪಟ್ಟಿ ಅಂಟಿತು. ತಂಡ ಹೆಚ್ಚು ಕಾಲ ಉಳಿಯಲಿಲ್ಲ. 2006ರಲ್ಲಿ ಜಿನೋವಾದ ಕೀಬೋರ್ಡ್ ವಾದಕಿ ಎಲಿಸಾ ಮೊಂಟಾಲ್ದೊ ಆ ತಂಡದ ಗಾಯಕ ಸ್ಟೆಫಾನೊ ಗಲೀಫಿಯನ್ನು ಕೂಡಿಕೊಂಡು ಹೊಸ ತಂಡ ಕಟ್ಟಿದಾಗ, ಹಳೆಯ ರಚನೆಯ ಆ ಕೊನೆಯ ಭಾಗದ ಹೆಸರನ್ನೇ, ‘ಇಲ್ ತೆಂಪಿಯೊ ದೆಲ್ಲೆ ಕ್ಲೆಸ್ಸಿದ್ರೆ’ ಎಂದು, ಅದಕ್ಕಿಟ್ಟರು. 2010ರಲ್ಲಿ ಹೊರಬಂದ ಚೊಚ್ಚಲ ಮುದ್ರಿಕೆಗೂ ಅದೇ ಹೆಸರು. ವೇದಿಕೆಯ ಮೇಲೆ ಹಳೆಯ ‘ಜರತುಷ್ಟ್ರ’ವನ್ನು ನುಡಿಸುತ್ತಿದ್ದ ಈ ತಂಡ, ಮುದ್ರಿಕೆಯಲ್ಲಿ ಮಾತ್ರ ಹೊಸ ಹಾಡುಗಳನ್ನೇ ಕೊಟ್ಟಿತು, ಒಂದಕ್ಕೆ ಜಿನೋವಾದ ಮೀನುಗಾರರ ಕೇರಿಯಾದ ಬೊಕ್ಕದಾಸ್ಸೆಯ ಹೆಸರಿದೆ.

ಹಳೆಯ ಕಂಠ ಮರಳಿದ್ದನ್ನು ಪುನರಾವರ್ತನೆಯೆಂದು ಸಂಭ್ರಮಿಸುವುದು ಸುಲಭ, ಆದರೆ ಅದು ನೀಷೆಯನ್ನು ಹಗುರವಾಗಿ ಓದಿದಂತೆ. ಹಳಹಳಿಕೆಯು ಗತಕಾಲದಿಂದ ಹಿತವಾದುದನ್ನಷ್ಟೇ ಆಯ್ದುಕೊಳ್ಳುತ್ತದೆ. ಪುನರಾವರ್ತನೆಯನ್ನು ಒಪ್ಪುವವನಿಗೆ ಆಯ್ಕೆಯೇ ಇಲ್ಲ. 2010ರ ದನಿ ಬೇಕೆನ್ನುವವನು 1973ರ ಸೋಲನ್ನೂ, ನಡುವಿನ ದಶಕಗಳನ್ನೂ ಬೇಕೆನ್ನಬೇಕು. ತನ್ನ ಪಾಲಿನ ಕಷ್ಟಕ್ಕೆ ಗಲೀಫಿ ಹಾಗೆ ಹೇಳಿಕೊಳ್ಳಬಹುದೇನೋ. ಮುಖಶಿಲ್ಪದ ಹಿಂದಿರುವ ಇತಿಹಾಸಕ್ಕೆ ಹಾಗೆ ಹೇಳುವ ಅಧಿಕಾರ ಯಾರಿಗಿದೆ? ಮುಸೊಲಿನಿಯ ಆಳ್ವಿಕೆಯಲ್ಲಿ ಸೆರೆಮನೆಗಳಲ್ಲಿ ನವೆದವರ ಪರವಾಗಿ, ಅದೆಲ್ಲ ಮತ್ತೊಮ್ಮೆ ನಡೆಯಲೆಂದು ಬಯಸುವುದು ಧೈರ್ಯವಲ್ಲ, ಕ್ರೌರ್ಯ. ನೀಷೆಯ ಭೂತವು ಒಬ್ಬೊಂಟಿಯ ಕಿವಿಯಲ್ಲಿ ಮಾತನಾಡುತ್ತದೆ, ಒಬ್ಬನ ಒಪ್ಪಿಗೆಯನ್ನಷ್ಟೇ ಕೇಳುತ್ತದೆ. ತಿರುವಿಟ್ಟ ಗಡಿಯಾರದಲ್ಲಿ ಉಳಿದವರ ಮರಳೂ ಇರುವುದರಿಂದ ಆ ಒಪ್ಪಿಗೆ ಸಾಲದು. ಅಗಸ್ಟೀನನ ‘ಒಂದೇ ಸಲ’ ಎಂಬ ಮಾತನ್ನು ನಂಬಿಕೆಯಿಲ್ಲದವರೂ ಸುಮ್ಮನೆ ಬದಿಗಿಡಲಾರದ್ದು ಈ ಕಾರಣಕ್ಕೆ: ಮುಗಿದ ಯಾತನೆ ಮುಗಿದೇ ಹೋಯಿತೆಂಬ ಭರವಸೆಯಾದರೂ ಅದರಲ್ಲಿದೆ.