ಮುಪ್ಪಿನ ಕೂಲಿ

ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿದ್ದಾರೆ. ದೇವರ ಕೆಲಸಕ್ಕೆ ಕೂಲಿಯ ಮಾತೇಕೆ ಎಂದು ಕೆಲವರು ಅದಕ್ಕೆ ಅರ್ಥ ಹೇಳುವುದುಂಟು. ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. ಗುಡಿಯ ಪೂಜಾರಿಗೂ ವಾದ್ಯದವನಿಗೂ ಇನಾಮು ಭೂಮಿ ಬಿಡುತ್ತಿದ್ದರು. ಕೈಯಲ್ಲಿ ಕಸುವು ಹೋದ ಕಾಲಕ್ಕೂ ಅವನ ಮನೆಯ ಒಲೆ ಉರಿಯಬೇಕೆಂಬ ಲೆಕ್ಕ ಅದರಲ್ಲಿತ್ತು.

ಕೂಡ್ಲಿಗಿ, ಹಡಗಲಿ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಕಡೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ, ತಿಂಗಳು ತಪ್ಪದೆ ಬರುತ್ತದೆ. ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ಗೆಳೆಯ ಸೇರಿದ್ದು 2006ರ ಏಪ್ರಿಲ್ 1ರ ನಂತರ. ಹಾಜರಿ ಪುಸ್ತಕ, ಜನಗಣತಿ, ಚುನಾವಣೆಯ ಕೆಲಸ ಇಬ್ಬರಿಗೂ ಒಂದೇ ಆಗಿದ್ದರೂ ಮುಪ್ಪು ಮಾತ್ರ ಬೇರೆ. ಅವನ ಸಂಬಳದಲ್ಲಿ ಶೇಕಡಾ 10 ಹಿಡಿದು, ಸರ್ಕಾರದ ಪಾಲನ್ನೂ ಸೇರಿಸಿ ಮಾರುಕಟ್ಟೆಯಲ್ಲಿ ತೊಡಗಿಸುತ್ತಾರೆ. ಕೊನೆಗೆ ಅಲ್ಲಿ ಎಷ್ಟು ಉಳಿದಿರುತ್ತದೋ ಅದರಿಂದ ಅವನ ಬಾಳು ಸಾಗಬೇಕು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕಕ್ಕೆ ಜನ ಉಸಿರು ಹಿಡಿದು ಕಾಯುತ್ತಾರೆ. ಆ ಕಾಯುವಿಕೆ ಒಂದು ಗಳಿಗೆಯದು. ನನ್ನ ಗೆಳೆಯನದು ಇಡೀ ಸೇವಾವಧಿಯದು.

ಪಿಂಚಣಿ ದಾನವೇ, ಹಕ್ಕೇ? 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಹೇಳಿತು. ಅದು ಧಣಿಯ ದಯೆಯಲ್ಲ, ಹಿಂದೆ ಮಾಡಿದ ಸೇವೆಯಿಂದ ಗಳಿಸಿದ್ದು ಎಂದಿತು. ಒಂದು ತಾರೀಖಿನ ಗೆರೆ ಎಳೆದು ನಿವೃತ್ತರನ್ನು ಎರಡು ಪಂಕ್ತಿ ಮಾಡಿದ್ದನ್ನೂ ಒಪ್ಪಲಿಲ್ಲ. ಹೊಸದಾಗಿ ಸೇರುವವರಿಗೆ ಬೇರೆ ಷರತ್ತು ಹಾಕುವುದು ಕಾನೂನಿನಲ್ಲಿ ಬೇರೆ ಮಾತಿರಬಹುದು. ನ್ಯಾಯದ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ.

ಹರಪನಹಳ್ಳಿಯನ್ನು ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿಯ ಹಳೆಯ ನೌಕರರು ಊರು ಬಿಡದೆಯೇ ಮೂರು ಜಿಲ್ಲೆ ಕಂಡರು. ಆದರೆ ಅವರಿಗೆ ಕೊಟ್ಟ ಮಾತು ಬದಲಾಗಲಿಲ್ಲ. ಸರ್ಕಾರವೆಂದರೆ ಕಟ್ಟಡವಲ್ಲ, ಹೀಗೆ ನಿಲ್ಲುವ ಮಾತು ಎಂದು ನಾನು ತಿಳಿದಿದ್ದೇನೆ.

“ಮಾಸ್ತರ, ಮಳಿ ಹೋದ್ರ ನಮ್ಮ ಶೇಂಗಾಕ್ಕ ಯಾರ್ ಕೊಡ್ತಾರ್ರೀ ಪಿಂಚಣಿ?” ಎಂದು ಕೊಟ್ಟೂರಿನ ಕಡೆಯ ರೈತರು ನನ್ನನ್ನು ಕೇಳಿದ್ದುಂಟು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ನನಗೆ ಬರುವ ಹಣದಲ್ಲಿ ಅವರು ಕೊಟ್ಟ ತೆರಿಗೆಯೂ ಇದೆ. ಅದಕ್ಕೇ ಶಾಲೆಗೆ ಬಾರದ ಮಾಸ್ತರ, ಲಂಚವಿಲ್ಲದೆ ಪಹಣಿ ಕೊಡದ ಗುಮಾಸ್ತ ಪಿಂಚಣಿಯ ಹಕ್ಕಿನ ಬಗ್ಗೆ ಮಾತಾಡಿದರೆ ಕೇಳುವವರಿಗೆ ಸಿಟ್ಟು ಬರುತ್ತದೆ. ಆದರೂ ಒಬ್ಬನ ಒಲೆ ಆರಿದೆಯೆಂದು ಇನ್ನೊಬ್ಬನ ಒಲೆಗೆ ನೀರು ಹಾಕಿದರೆ ಯಾರ ಮನೆಯಲ್ಲೂ ಅನ್ನ ಬೇಯುವುದಿಲ್ಲ. ರೈತರ ಪ್ರಶ್ನೆ ಅವರ ಮುಪ್ಪಿಗೂ ಭದ್ರತೆ ಬೇಕೆಂದು ಹೇಳುತ್ತದೆಯೇ ಹೊರತು ನನ್ನ ಗೆಳೆಯನದು ಹೋಗಲಿ ಎಂದಲ್ಲ.

ಅದೇ 2006ರ ಏಪ್ರಿಲ್ 10ರಂದು, ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ, ಕ್ರಮಬದ್ಧ ನೇಮಕಾತಿಯಿಲ್ಲದೆ ಬಂದ ದಿನಗೂಲಿಯವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಹಿಂಬಾಗಿಲ ನೇಮಕ ನಿಲ್ಲಬೇಕಾದ್ದು ಸರಿಯೇ. ಆದರೆ ಆ ಬಾಗಿಲು ತೆರೆದವರು ಅಧಿಕಾರಿಗಳು, ದುಡಿದವರು ಬೇರೆಯವರು. ಕೆಲಸ ಮಾತ್ರ ವರ್ಷವಿಡೀ ಇರುತ್ತದೆ, ಹುದ್ದೆ ಇರುವುದಿಲ್ಲ.

2024ರ ಆಗಸ್ಟಿನಲ್ಲಿ ಏಳನೆಯ ವೇತನ ಆಯೋಗದಂತೆ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಹಗರಿಬೊಮ್ಮನಹಳ್ಳಿಯ ಅಂಗನವಾಡಿಯಲ್ಲಿ ಕೂಸುಗಳಿಗೆ ಉಣಿಸುವ ತಾಯಿಗೆ ಆ ಏರಿಕೆ ತಲುಪಲಿಲ್ಲ. ಅವಳಿಗೆ ಸಿಗುವುದಕ್ಕೆ ‘ಗೌರವಧನ’ವೆಂದು ಹೆಸರು. ಗೌರವವನ್ನು ಹೆಸರಿನಲ್ಲಿಟ್ಟು ಕೂಲಿಯನ್ನು ಕಡಿಮೆ ಮಾಡಿದ ಪದ ಅದು. ಅಂಥವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳಿಸಿಕೊಳ್ಳಲು 2022ರವರೆಗೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ತನ್ನ ಕಸ ಗುಡಿಸಿದವರಿಗೆ ‘ನಿಮ್ಮ ಮುಪ್ಪು ನಿಮ್ಮ ಹಣೆಬರಹ’ ಎನ್ನುವ ಸರ್ಕಾರ ಖಾಸಗಿ ಧಣಿಗೆ ಯಾವ ಬಾಯಿಂದ ಬುದ್ಧಿ ಹೇಳೀತು? ನಿವೃತ್ತರಾದ ನಾವು ಸಭೆ ಸೇರಿದಾಗ ತುಟ್ಟಿಭತ್ಯೆಯ ಬಾಕಿಯನ್ನು ಪೈಸೆ ಬಿಡದೆ ಲೆಕ್ಕ ಹಾಕುತ್ತೇವೆ. ಹಾಕಲಿ, ಅದು ನಮ್ಮದೇ. ಆ ಅರ್ಜಿಯ ಮೊದಲ ಸಾಲಿನಲ್ಲಿ ನಮ್ಮದಲ್ಲದ ಈ ಬಾಕಿಯನ್ನೂ ಬರೆದರೆ, ಕೇಳುವ ನಮ್ಮ ದನಿಗೆ ಇನ್ನಷ್ಟು ತೂಕ ಬಂದೀತು.